ಕೊರ್ಮಾಕಿತಿಸ್: ಒಡೆದ ದ್ವೀಪದ ಒಂದು ಊರು ಮತ್ತು ಅದರ ನುಡಿ

ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿರುವ ಸೈಪ್ರಸ್ ದ್ವೀಪದ ವಾಯವ್ಯ ಮೂಲೆಯಲ್ಲಿ ಕೊರ್ಮಾಕಿತಿಸ್ ಎಂಬ ಹಳ್ಳಿಯಿದೆ. ದ್ವೀಪದ ಬಹುಸಂಖ್ಯಾತರ ಭಾಷೆ ಗ್ರೀಕ್. ಎರಡನೆಯ ದೊಡ್ಡ ಭಾಷೆ ತುರ್ಕಿ. ಈ ಎರಡೂ ಅಲ್ಲದ ಮೂರನೆಯ ನುಡಿಯೊಂದನ್ನು, ಅರಬ್ಬಿಯ ಒಂದು ಹಳೆಯ ಪ್ರಭೇದವನ್ನು, ಈ ಊರಿನವರು ಶತಮಾನಗಳ ಕಾಲ ಉಳಿಸಿಕೊಂಡು ಬಂದರು. ಆ ನುಡಿಗೆ ಊರಿನಲ್ಲಿ ರೂಢಿಯ ಲಿಪಿಯಿರಲಿಲ್ಲ, ಪಠ್ಯಪುಸ್ತಕವಿರಲಿಲ್ಲ, ಅದನ್ನು ಕಲಿಸುವ ತರಗತಿಯೂ ಇರಲಿಲ್ಲ. ಮನೆ, ಬೀದಿ, ಹೊಲಗಳೇ ಅದರ ಪಾಠಶಾಲೆಯಾಗಿದ್ದವು. 1974ರಲ್ಲಿ ದ್ವೀಪವು ಇಬ್ಭಾಗವಾಗಿ ಊರಿನ ಜನ ಚದುರಿದ ಮೇಲೆ, ಊರು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಅಕ್ಷರಮಾಲೆ, ಶಿಕ್ಷಕ ಮತ್ತು ಶಿಬಿರಗಳು ಮಾಡಬೇಕಾಗಿ ಬಂದಿತು. ಊರು ಮಾಡುತ್ತಿದ್ದುದನ್ನು ಶಾಲೆ ಎಷ್ಟರಮಟ್ಟಿಗೆ ಮಾಡಬಲ್ಲದು ಎಂಬ ಪ್ರಶ್ನೆ ಗಡಿನಾಡಿನ ಶಿಕ್ಷಕರಿಗೆ ಹೊಸದಲ್ಲ. ಆ ಪ್ರಶ್ನೆಯನ್ನು ಹೊರಗಿನ ಒಂದು ಉದಾಹರಣೆಯ ಮೂಲಕ ನೋಡಲು ಕೊರ್ಮಾಕಿತಿಸ್‌ನ ಚರಿತ್ರೆ ನೆರವಾಗುತ್ತದೆ.

ದ್ವೀಪ ಮತ್ತು ಊರು

ಸೈಪ್ರಸ್ಸಿನ ವಿಸ್ತೀರ್ಣ 9,251 ಚದರ ಕಿಲೋಮೀಟರು; ಅಂದರೆ ಕಾಸರಗೋಡು ಜಿಲ್ಲೆಯ ನಾಲ್ಕೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದರ ಉತ್ತರಕ್ಕೆ ಟರ್ಕಿ, ಪೂರ್ವಕ್ಕೆ ಸಿರಿಯಾ ಮತ್ತು ಲೆಬನಾನ್ ಇವೆ. ಮೂರು ಖಂಡಗಳ ನಡುವಿನ ಕಡಲ ದಾರಿಯಲ್ಲಿರುವುದರಿಂದ ದ್ವೀಪವು ಅನೇಕ ಪ್ರಭುತ್ವಗಳನ್ನು ಕಂಡಿತು. 1192ರಿಂದ ಫ್ರೆಂಚ್ ಮೂಲದ ಲುಸಿನ್ಯಾನ್ ಅರಸರು, 1489ರಿಂದ ವೆನಿಸ್ ಗಣರಾಜ್ಯ, 1571ರಿಂದ ಒಟ್ಟೋಮನ್ ತುರ್ಕರು, 1878ರಿಂದ ಬ್ರಿಟಿಷರು ಇದನ್ನು ಆಳಿದರು. 1960ರಲ್ಲಿ ದ್ವೀಪವು ಸ್ವತಂತ್ರ ಗಣರಾಜ್ಯವಾಯಿತು.

ಕೊರ್ಮಾಕಿತಿಸ್ ಇರುವುದು ಕಿರೀನಿಯಾ ಜಿಲ್ಲೆಯಲ್ಲಿ. ಅದೇ ಹೆಸರಿನ ಭೂಶಿರವು ಊರಿನ ವಾಯವ್ಯಕ್ಕೆ ಕಡಲೊಳಗೆ ಚಾಚಿಕೊಂಡಿದೆ. ಇಲ್ಲಿಯ ಜನ ಬಹುಕಾಲದಿಂದ ಕೃಷಿಕರು. ಗೋಧಿ ಮತ್ತು ಬಾರ್ಲಿಯ ಬೇಸಾಯ, ಆಲಿವ್ ಮರಗಳು, ಆಡು ಕುರಿಗಳ ಸಾಕಣೆ ಅವರ ಜೀವನಾಧಾರ. ಊರಿನ ನಡುವೆ ಸಂತ ಜಾರ್ಜರ ದೊಡ್ಡ ಇಗರ್ಜಿಯಿದೆ. 1930ರ ದಶಕದಲ್ಲಿ ಅದು ಕಟ್ಟಲ್ಪಟ್ಟಿತು. ಊರಿನ ನುಡಿಯಲ್ಲಿ ಸಂತರ ಹೆಸರಿನ ಹಿಂದೆ ‘ಮಾರ್’ ಎಂಬ ಪದ ಬರುತ್ತದೆ. ‘ನನ್ನ ಒಡೆಯ’ ಎಂಬರ್ಥದ ಈ ಸಿರಿಯಾಕ್ ಗೌರವಸೂಚಕವನ್ನು ಕೇರಳದ ಸಿರಿಯನ್ ಕ್ರೈಸ್ತರು ತಮ್ಮ ಬಿಷಪ್ಪರ ಹೆಸರಿನೊಂದಿಗೆ ಇಂದಿಗೂ ಬಳಸುತ್ತಾರೆ. ಕಾಸರಗೋಡು, ವಯನಾಡುಗಳ ಶಿಕ್ಷಕರಿಗೆ ಆ ಪದ ಅಪರಿಚಿತವಲ್ಲ.

ಬಂದವರು ಮತ್ತು ಉಳಿದವರು

ಊರಿನವರು ಮಾರೊನೈಟ್ ಪಂಥದ ಕ್ರೈಸ್ತರು. ನಾಲ್ಕನೆಯ ಶತಮಾನದ ಅಂತ್ಯ ಮತ್ತು ಐದನೆಯ ಶತಮಾನದ ಆದಿಯಲ್ಲಿ ಸಿರಿಯಾದಲ್ಲಿ ಬಾಳಿದ ಸಂತ ಮಾರೊನ್ ಎಂಬ ವಿರಕ್ತನ ಹೆಸರಿನಿಂದ ಈ ಪಂಥಕ್ಕೆ ಹೆಸರು ಬಂದಿದೆ. ಇದು ರೋಮಿನ ಪೋಪರ ಪಾರಮ್ಯವನ್ನು ಒಪ್ಪುವ, ಆದರೆ ತನ್ನದೇ ಸಿರಿಯಾಕ್ ಪೂಜಾಪದ್ಧತಿಯನ್ನು ಉಳಿಸಿಕೊಂಡಿರುವ ಪೌರಸ್ತ್ಯ ಧರ್ಮಸಭೆ. ಸಿರಿಯಾ ಮತ್ತು ಲೆಬನಾನುಗಳಿಂದ ಮಾರೊನೈಟರು ಎಂಟನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಹಲವು ಅಲೆಗಳಲ್ಲಿ ಸೈಪ್ರಸ್ಸಿಗೆ ಬಂದು ನೆಲೆಸಿದರೆಂದು ಚರಿತ್ರಕಾರರು ಹೇಳುತ್ತಾರೆ.

ಊರಿನ ಹೆಸರಿಗೆ ಒಂದು ಐತಿಹ್ಯವಿದೆ. ಉತ್ತರ ಲೆಬನಾನಿನ ಕೂರ್ ಎಂಬ ಹಳ್ಳಿಯಿಂದ ಹೊರಟವರು ಹೊಸ ನೆಲದಲ್ಲಿ ನಿಂತು, ತಾವು ಬಂದೆವು, ಆದರೆ ‘ಕೂರ್ ಮಾ ಜಿತ್’, ಅಂದರೆ ‘ಕೂರ್ ಬರಲಿಲ್ಲ’ ಎಂದು ಮರುಗಿದರಂತೆ. ಆ ಮಾತೇ ಊರಿನ ಹೆಸರಾಯಿತೆಂದು ಹಿರಿಯರು ಹೇಳುತ್ತಾರೆ. ‘ಬೆಂದಕಾಳೂರು’ ಬೆಂಗಳೂರಾಯಿತೆಂಬ ಕಥೆಯಂತೆ ಇದನ್ನೂ ಚರಿತ್ರೆಯ ಪುರಾವೆಯೆಂದು ಎಣಿಸಲಾಗದು. ಆದರೆ ಬಿಟ್ಟುಬಂದ ಊರನ್ನು ಜನ ಹೊಸ ಊರಿನ ಹೆಸರಿನೊಳಗೆ ಇಟ್ಟುಕೊಂಡರೆಂದು ನಂಬುವ ಒಂದು ಸಮುದಾಯದ ಮನಸ್ಸನ್ನು ಇದು ತೋರಿಸುತ್ತದೆ.

ಒಂದು ಕಾಲದಲ್ಲಿ ದ್ವೀಪದಲ್ಲಿ ಸುಮಾರು ಅರವತ್ತು ಮಾರೊನೈಟ್ ಹಳ್ಳಿಗಳಿದ್ದವೆಂಬುದು ಪರಂಪರೆಯ ಮಾತು. 1596ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದ ಜಿರೋಲಮೊ ದಂದೀನಿ ಎಂಬ ಜೆಸ್ಯುಯಿಟ್ ಪಾದ್ರಿ 19 ಹಳ್ಳಿಗಳನ್ನು ಹೆಸರಿಸಿದ್ದಾನೆ. ಯುದ್ಧ, ತೆರಿಗೆಯ ಭಾರ, ವಲಸೆ, ಮತಾಂತರಗಳಿಂದ ಸಂಖ್ಯೆ ಕುಗ್ಗುತ್ತ ಹೋಯಿತು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಕೊರ್ಮಾಕಿತಿಸ್, ಅಸೋಮಾತೋಸ್, ಆಯಿಯಾ ಮರೀನಾ ಮತ್ತು ಕರ್ಪಾಶಾ ಎಂಬ ನಾಲ್ಕು ಹಳ್ಳಿಗಳು ಮಾತ್ರ ಉಳಿದಿದ್ದವು. ಇವುಗಳಲ್ಲಿ ಉಳಿದ ಮೂರು ಊರುಗಳ ಜನ ಗ್ರೀಕ್ ಭಾಷೆಗೆ ಹೊರಳಿದ್ದರು. ಮತಪಂಥ ನಾಲ್ಕೂ ಊರುಗಳಲ್ಲಿ ಉಳಿಯಿತು. ಪೂರ್ವಜರ ನುಡಿ ಉಳಿದದ್ದು ಕೊರ್ಮಾಕಿತಿಸ್‌ನಲ್ಲಿ ಮಾತ್ರ.

‘ಸನ್ನಾ’ ಎಂಬ ನುಡಿ

ಈ ನುಡಿಯನ್ನು ವಿದ್ವಾಂಸರು ಸೈಪ್ರಸ್ ಮಾರೊನೈಟ್ ಅರಬ್ಬಿ ಎಂದು ಕರೆಯುತ್ತಾರೆ. ಆಡುವವರು ಅದನ್ನು ‘ಸನ್ನಾ’ ಎನ್ನುತ್ತಾರೆ. ‘ನಮ್ಮ ನುಡಿ’ ಎಂಬುದು ಇದರ ಅರ್ಥ. ಅರಬ್ಬಿಯ ‘ಲಿಸಾನ್’, ಅಂದರೆ ನಾಲಿಗೆ ಅಥವಾ ಭಾಷೆ ಎಂಬ ಪದ ಇದರಲ್ಲಿ ಅಡಗಿದೆ. ಕನ್ನಡದ ‘ಸಣ್ಣ’ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಮಕ್ಕಳಿಗೆ ತಿಳಿಸಬೇಕು.

ಅರಬ್ಬಿ ನಾಡುಗಳೊಡನೆ ನಿತ್ಯದ ಸಂಪರ್ಕ ಕಡಿದುಹೋದ ಕಾರಣ ಸನ್ನಾ ತನ್ನದೇ ದಾರಿಯಲ್ಲಿ ಬೆಳೆಯಿತು. ಲೆಬನಾನಿನವನೊಬ್ಬ ಇಂದು ಇದನ್ನು ಕೇಳಿದರೆ ಸುಲಭವಾಗಿ ಗ್ರಹಿಸಲಾರ. ಸುತ್ತಲಿನ ಗ್ರೀಕಿನ ಪ್ರಭಾವ ಅದರ ಧ್ವನಿಗಳ ಮೇಲೆ ಗಾಢವಾಗಿ ಆಗಿದೆ. ಅರಬ್ಬಿಯ ‘ಬ’ಕಾರವು ಅನೇಕ ಪದಗಳಲ್ಲಿ ‘ಪ’ಕಾರವಾಗಿರುವುದು ಒಂದು ನಿದರ್ಶನ. ಮನೆಗೆ ಅರಬ್ಬಿಯಲ್ಲಿ ‘ಬೈತ್’ ಎಂದರೆ ಸನ್ನಾದಲ್ಲಿ ‘ಪೈತ್’. ಹುಡುಗಿಗೆ ಅಲ್ಲಿ ‘ಬಿಂತ್’, ಇಲ್ಲಿ ‘ಪಿಂತ್’. ರೊಟ್ಟಿಗೆ ಅಲ್ಲಿ ‘ಖುಬ್ಜ್’, ಇಲ್ಲಿ ‘ಖೊಪ್ಸ್’. ನೆರೆಯ ಭಾಷೆಗಳಲ್ಲಿ ಧ್ವನಿಗಳು ಹೀಗೆ ಕ್ರಮಬದ್ಧವಾಗಿ ಹೊಂದಿಕೊಳ್ಳುವುದನ್ನು ತಮಿಳಿನ ‘ವಾ’ ಮತ್ತು ಕನ್ನಡದ ‘ಬಾ’ ಎಂಬ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ಹೊಸೂರು, ತಾಳವಾಡಿಗಳ ಮಕ್ಕಳಿಗೆ ವಿವರಿಸಬಹುದು.

ಪದಸಂಪತ್ತಿನಲ್ಲೂ ಊರಿನ ಚರಿತ್ರೆಯ ಪದರಗಳು ಕಾಣುತ್ತವೆ. ಮೂಲದ ಅರಬ್ಬಿ ಪದಗಳ ಜೊತೆಗೆ ಅದಕ್ಕೂ ಹಿಂದಿನ ಅರಮಾಯಿಕ್ ಭಾಷೆಯ ಕುರುಹುಗಳಿವೆ. ಗ್ರೀಕಿನಿಂದ ಬಂದ ಪದಗಳು ಹೇರಳವಾಗಿವೆ. ಊರಿನವರು ಎಲ್ಲಿಂದ ಬಂದರು, ಯಾರ ನೆರೆಯಲ್ಲಿ ಬಾಳಿದರು ಎಂಬುದನ್ನು ನುಡಿಯೇ ಹೇಳುತ್ತದೆ. ಊರಿನ ಪರಂಪರೆಯಲ್ಲಿ ಇಗರ್ಜಿಯ ಕಟ್ಟಡಕ್ಕೆ ಎಷ್ಟು ಬೆಲೆಯೋ ಈ ನುಡಿಗೂ ಅಷ್ಟೇ ಬೆಲೆ. ಕಟ್ಟಡವನ್ನು ಬೀಗ ಹಾಕಿ ಕಾಯಬಹುದು, ಬಿರುಕು ಬಿಟ್ಟರೆ ದುರಸ್ತಿ ಮಾಡಬಹುದು. ನುಡಿಯನ್ನು ಕಾಯಲು ಅದನ್ನು ದಿನವೂ ಆಡುವ ಇಬ್ಬರಾದರೂ ಬೇಕು, ಅವರಲ್ಲಿ ಒಬ್ಬರು ಎಳೆಯರಾಗಿರಬೇಕು.

ಮತಪಂಥವೆಂಬ ಮನ್ನಣೆ, ನುಡಿಗೆ ಮೌನ

1960ರ ಸಂವಿಧಾನವು ಸೈಪ್ರಸ್ಸಿನ ಪ್ರಜೆಗಳನ್ನು ಗ್ರೀಕ್ ಮತ್ತು ತುರ್ಕಿ ಎಂಬ ಎರಡು ಸಮುದಾಯಗಳಾಗಿ ವಿಂಗಡಿಸಿತು. ಮಾರೊನೈಟರು, ಆರ್ಮೇನಿಯನ್ನರು ಮತ್ತು ಲ್ಯಾಟಿನ್ ಕ್ಯಾಥೊಲಿಕರು ‘ಧಾರ್ಮಿಕ ಗುಂಪು’ಗಳೆಂದು ಪರಿಗಣಿತರಾದರು. ಎರಡು ಸಮುದಾಯಗಳಲ್ಲಿ ಒಂದನ್ನು ಅವರು ಆರಿಸಿಕೊಳ್ಳಬೇಕಾಗಿತ್ತು. ಮೂರೂ ಗುಂಪುಗಳು ಗ್ರೀಕ್ ಸಮುದಾಯವನ್ನು ಆರಿಸಿಕೊಂಡವು. ಸಂಸತ್ತಿನಲ್ಲಿ ಮಾರೊನೈಟರಿಗೆ ಒಬ್ಬ ಪ್ರತಿನಿಧಿಯಿದ್ದಾನೆ. ಆದರೆ ಆತನಿಗೆ ಮತದಾನದ ಹಕ್ಕಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂವಿಧಾನವು ಗುರುತಿಸಿದ್ದು ಮಾರೊನೈಟರ ಮತಪಂಥವನ್ನು. ಕೊರ್ಮಾಕಿತಿಸ್‌ನ ನುಡಿ ಅದರ ದೃಷ್ಟಿಗೆ ಬೀಳಲಿಲ್ಲ. ಶಾಲೆಯ ಭಾಷೆ ಗ್ರೀಕ್ ಆಯಿತು, ಕಚೇರಿಯ ಭಾಷೆಯೂ ಗ್ರೀಕ್ ಆಯಿತು, ಪಟ್ಟಣದ ಉದ್ಯೋಗಕ್ಕೂ ಅದೇ ಬೇಕಾಯಿತು. ಮಗು ಶಾಲೆಯಲ್ಲಿ ಹಿಂದೆ ಬೀಳಬಾರದೆಂಬ ಕಾಳಜಿಯಿಂದ ಕೆಲವು ಮನೆಗಳಲ್ಲಿ ತಂದೆತಾಯಂದಿರು ತಾವು ಪರಸ್ಪರ ಸನ್ನಾ ಆಡಿಕೊಂಡು ಮಕ್ಕಳೊಡನೆ ಗ್ರೀಕ್ ಆಡತೊಡಗಿದರು. ಊರ ಹೊರಗಿನವರೊಡನೆ ವಿವಾಹವಾದ ಮನೆಗಳಲ್ಲಿ ಗ್ರೀಕ್ ಸಹಜವಾಗಿಯೇ ಮನೆಮಾತಾಯಿತು. ನುಡಿಯ ಇಳಿಗಾಲ 1974ಕ್ಕಿಂತ ಮೊದಲೇ ಆರಂಭವಾಗಿತ್ತೆಂಬುದನ್ನು ಮರೆಯಬಾರದು. ಆದರೂ ಅಜ್ಜಿಯ ಅಂಗಳ, ಹೊಲ, ಇಗರ್ಜಿಯ ಮುಂದಿನ ಬಯಲು ಇವೆಲ್ಲ ಇದ್ದುದರಿಂದ, ಮನೆಯಲ್ಲಿ ಕಲಿಯದ ಮಗು ಬೀದಿಯಲ್ಲಿ ಕಲಿಯುವ ಅವಕಾಶ ಉಳಿದಿತ್ತು.

1974: ಊರು ಒಂದೆಡೆ, ಜನ ಒಂದೆಡೆ

ಸ್ವಾತಂತ್ರ್ಯದ ಮೂರೇ ವರ್ಷಗಳಲ್ಲಿ ಎರಡು ದೊಡ್ಡ ಸಮುದಾಯಗಳ ನಡುವೆ ಹಿಂಸೆ ತಲೆದೋರಿತು. 1963ರ ಡಿಸೆಂಬರಿನಲ್ಲಿ ರಾಜಧಾನಿ ನಿಕೋಸಿಯಾವನ್ನು ವಿಭಜಿಸುವ ಕದನವಿರಾಮ ರೇಖೆಯನ್ನು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಎಳೆದುದರಿಂದ ಅದಕ್ಕೆ ‘ಹಸಿರು ರೇಖೆ’ ಎಂಬ ಹೆಸರು ಬಂದಿತು. 1964ರಿಂದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ದ್ವೀಪದಲ್ಲಿದೆ. 1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತದ ಬೆಂಬಲದಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಜುಲೈ 20ರಂದು ಟರ್ಕಿಯ ಸೇನೆ ಉತ್ತರ ತೀರದಲ್ಲಿ ಇಳಿಯಿತು; ಆಗಸ್ಟಿನಲ್ಲಿ ಅದು ಇನ್ನಷ್ಟು ಮುನ್ನಡೆಯಿತು. ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ನೆಲ ಆ ಸೇನೆಯ ವಶವಾಯಿತು. ಸುಮಾರು 180 ಕಿಲೋಮೀಟರ್ ಉದ್ದದ ತಟಸ್ಥ ವಲಯವು ಪೂರ್ವದಿಂದ ಪಶ್ಚಿಮದವರೆಗೆ ದ್ವೀಪವನ್ನು ಸೀಳಿತು. 1983ರಲ್ಲಿ ಉತ್ತರಭಾಗವು ತನ್ನನ್ನು ಪ್ರತ್ಯೇಕ ಗಣರಾಜ್ಯವೆಂದು ಘೋಷಿಸಿಕೊಂಡಿತು. ಟರ್ಕಿಯ ಹೊರತು ಬೇರಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ.

ನಾಲ್ಕು ಮಾರೊನೈಟ್ ಹಳ್ಳಿಗಳೂ ರೇಖೆಯ ಉತ್ತರಕ್ಕೆ ಉಳಿದವು. ಜನರಲ್ಲಿ ಬಹುಪಾಲು ದಕ್ಷಿಣಕ್ಕೆ ಹೋಗಿ ನಿಕೋಸಿಯಾ ಮತ್ತಿತರ ಪಟ್ಟಣಗಳಲ್ಲಿ ನೆಲೆಸಿದರು. ಅಸೋಮಾತೋಸ್ ಮತ್ತು ಆಯಿಯಾ ಮರೀನಾಗಳು ಸೈನ್ಯದ ಬಳಕೆಗೆ ಹೋದವು. ಕೊರ್ಮಾಕಿತಿಸ್‌ನಲ್ಲಿ ಮಾತ್ರ ಗಣನೀಯ ಸಂಖ್ಯೆಯ ಜನ ಮನೆಬಿಡದೆ ಉಳಿದರು. ಅವರಿಗೆ ವಿಶ್ವಸಂಸ್ಥೆಯ ಪಡೆಯ ವಾಹನಗಳಲ್ಲಿ ಆಹಾರಸಾಮಗ್ರಿ ಬರುತ್ತಿತ್ತು. ರೇಖೆ ದಾಟಲು ಅನುಮತಿ ಬೇಕಾಗಿತ್ತು. ಹೆಚ್ಚಿನ ಶಿಕ್ಷಣಕ್ಕೆಂದು ದಕ್ಷಿಣಕ್ಕೆ ಹೋದ ಮಕ್ಕಳು ಮರಳಿ ಬಂದು ಊರಿನಲ್ಲಿ ಬಾಳುವುದು ಸುಲಭವಿರಲಿಲ್ಲ. ವರ್ಷಗಳು ಕಳೆದಂತೆ ಊರು ಹೆಚ್ಚಾಗಿ ವೃದ್ಧರ ನೆಲೆಯಾಯಿತು. ಮಕ್ಕಳಿಲ್ಲದೆ ಪ್ರಾಥಮಿಕ ಶಾಲೆ ಮುಚ್ಚಿತು. ತುರ್ಕಿ ಭಾಷೆಯಲ್ಲಿ ಊರಿಗೆ ಕೊರುಚಾಮ್ ಎಂಬ ಹೊಸ ಹೆಸರು ಬಂದಿತು.

ಈ ವಿಭಜನೆಯ ಪರಿಣಾಮ ನುಡಿಯ ಮೇಲೆ ವಿಚಿತ್ರವಾಗಿ ಆಯಿತು. ಸನ್ನಾವನ್ನು ಚೆನ್ನಾಗಿ ಆಡಬಲ್ಲ ಹಿರಿಯರಲ್ಲಿ ಹಲವರು ಉತ್ತರದ ಊರಿನಲ್ಲಿ. ಅದನ್ನು ಕಲಿಯಬೇಕಾದ ಮಕ್ಕಳು ದಕ್ಷಿಣದ ಪಟ್ಟಣಗಳಲ್ಲಿ. ದಕ್ಷಿಣಕ್ಕೆ ಹೋದ ಕುಟುಂಬಗಳೂ ಒಂದೇ ಬಡಾವಣೆಯಲ್ಲಿ ನೆಲೆಯಾಗದೆ ಗ್ರೀಕ್ ನೆರೆಹೊರೆಯಲ್ಲಿ ಹರಡಿಹೋದವು. ಅಲ್ಲಿಯ ಮಗುವಿಗೆ ಸನ್ನಾ ಕೇಳಲು ಬೀದಿಯೂ ಇಲ್ಲ, ಹೊಲವೂ ಇಲ್ಲ. ಸೈಪ್ರಸ್ಸಿನ ಮಾರೊನೈಟರ ಸಂಖ್ಯೆ ಸುಮಾರು 5,000ದಿಂದ 6,000. ಅವರಲ್ಲಿ ಸನ್ನಾ ಬಲ್ಲವರು ಸಾವಿರದ ಆಸುಪಾಸು ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಬಲ್ಲವರಲ್ಲಿ ಎಳೆಯರು ವಿರಳ. ಯುನೆಸ್ಕೊ ಈ ನುಡಿಯನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ.

ಅಕ್ಷರ, ತರಗತಿ, ಶಿಬಿರ

2003ರ ಏಪ್ರಿಲ್ 23ರಂದು ಹಸಿರು ರೇಖೆಯಲ್ಲಿ ದಾಟುದಾರಿಗಳು ತೆರೆದುಕೊಂಡವು. ಗುರುತಿನ ಪತ್ರ ತೋರಿಸಿ ಉತ್ತರಕ್ಕೆ ಹೋಗಿಬರಲು ಜನರಿಗೆ ಸಾಧ್ಯವಾಯಿತು. ಕೊರ್ಮಾಕಿತಿಸ್‌ನ ಕುಟುಂಬಗಳು ವಾರಾಂತ್ಯಗಳಲ್ಲಿ, ಹಬ್ಬಗಳಲ್ಲಿ ಊರಿಗೆ ಬರತೊಡಗಿದವು; ಹಳೆಯ ಮನೆಗಳು ದುರಸ್ತಿಯಾದವು; ಇಗರ್ಜಿಯ ಮುಂದೆ ಮತ್ತೆ ಮಕ್ಕಳ ಸದ್ದು ಕೇಳಿಸಿತು. ಆದರೆ ಆ ಮಕ್ಕಳು ಆಡುತ್ತಿದ್ದುದು ಗ್ರೀಕ್. ಹಾದಿ ತೆರೆದ ಮಾತ್ರಕ್ಕೆ ನುಡಿ ಹಿಂದಿರುಗುವುದಿಲ್ಲವೆಂಬುದು ಸ್ಪಷ್ಟವಾಯಿತು.

ಅದೇ ದಶಕದಲ್ಲಿ ನುಡಿಯ ಪುನಶ್ಚೇತನಕ್ಕೆ ಸಂಘಟಿತ ಪ್ರಯತ್ನಗಳು ಮೊದಲಾದವು. ಮೊದಲನೆಯದು ಅಕ್ಷರಮಾಲೆ. ಸನ್ನಾವನ್ನು ದಶಕಗಳ ಕಾಲ ಅಧ್ಯಯನ ಮಾಡಿ 1985ರಲ್ಲಿ ಅದರ ಬಗ್ಗೆ ಗ್ರಂಥವನ್ನೂ 2004ರಲ್ಲಿ ತೌಲನಿಕ ಪದಕೋಶವನ್ನೂ ಪ್ರಕಟಿಸಿದ್ದ ಭಾಷಾವಿಜ್ಞಾನಿ ಅಲೆಕ್ಸಾಂಡರ್ ಬೋರ್ಗ್ ಅವರು 2007ರಲ್ಲಿ ಬರವಣಿಗೆಯ ಕ್ರಮವೊಂದನ್ನು ರೂಪಿಸಿಕೊಟ್ಟರು. ಅದಕ್ಕೆ ಆಧಾರ ಲ್ಯಾಟಿನ್ ಅಕ್ಷರಗಳು. ಅವುಗಳಲ್ಲಿ ಇಲ್ಲದ ಕೆಲವು ಧ್ವನಿಗಳಿಗೆ ಗ್ರೀಕ್ ಅಕ್ಷರಗಳನ್ನು ತೆಗೆದುಕೊಳ್ಳಲಾಗಿದೆ. ಅರಬ್ಬಿ ಮೂಲದ ನುಡಿಗೆ ಅರಬ್ಬಿ ಲಿಪಿಯೇ ಏಕಿಲ್ಲವೆಂಬ ಪ್ರಶ್ನೆ ಏಳಬಹುದು. ಕಲಿಯಬೇಕಾದ ಮಗು ಶಾಲೆಯಲ್ಲಿ ಗ್ರೀಕ್ ಮತ್ತು ಇಂಗ್ಲಿಷ್ ಓದುತ್ತದೆ. ಅದಕ್ಕೆ ಅರಬ್ಬಿ ಲಿಪಿಯ ಪರಿಚಯವೇ ಇಲ್ಲ. ಕಣ್ಣಿಗೆ ಪರಿಚಿತವಾದ ಅಕ್ಷರಗಳಿಂದ ಕಿವಿಗೆ ಅಪರಿಚಿತವಾಗುತ್ತಿರುವ ನುಡಿಯನ್ನು ಹಿಡಿಯಲು ಈ ಕ್ರಮ ಅನುಕೂಲವಾಗಿದೆ.

ಎರಡನೆಯದು ಕಾನೂನಿನ ಮನ್ನಣೆ. ಪ್ರಾದೇಶಿಕ ಅಥವಾ ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದನ್ನು ಸೈಪ್ರಸ್ 2002ರಲ್ಲಿ ಅಂಗೀಕರಿಸಿದಾಗ ಅದರ ಅಡಿಯಲ್ಲಿ ಆರ್ಮೇನಿಯನ್ ಭಾಷೆಯನ್ನು ಮಾತ್ರ ಹೆಸರಿಸಿತ್ತು. 2008ರಲ್ಲಿ ಸೈಪ್ರಸ್ ಮಾರೊನೈಟ್ ಅರಬ್ಬಿಯೂ ಅದಕ್ಕೆ ಸೇರಿತು. ಒಂದು ಮತಪಂಥದವರ ‘ಮನೆಮಾತು’ ಎಂದಷ್ಟೇ ಎಣಿಸಲ್ಪಟ್ಟಿದ್ದುದು ರಾಜ್ಯವು ರಕ್ಷಿಸಬೇಕಾದ ಭಾಷೆಯಾಯಿತು.

ಮೂರನೆಯದು ಬೋಧನೆ. ನಿಕೋಸಿಯಾದ ಹೊರವಲಯದ ಅಂಥೂಪೊಲಿಯಲ್ಲಿ ಸಂತ ಮಾರೊನ್ ಹೆಸರಿನ ಪ್ರಾಥಮಿಕ ಶಾಲೆಯಿದೆ. ಅಲ್ಲಿ ಸನ್ನಾವನ್ನು ಐಚ್ಛಿಕವಾಗಿ, ನಿತ್ಯದ ಪಾಠಗಳು ಮುಗಿದ ಬಳಿಕ ಕಲಿಸುವ ವ್ಯವಸ್ಥೆಯಾಯಿತು. ವಯಸ್ಕರಿಗೂ ತರಗತಿಗಳು ನಡೆದವು. ‘ಹ್ಕಿ ಫಿ ಸನ್ನಾ’ (ನಮ್ಮ ನುಡಿಯಲ್ಲಿ ಮಾತಾಡು) ಎಂಬ ಸ್ವಯಂಸೇವಾ ಸಂಸ್ಥೆ ಈ ಕೆಲಸದಲ್ಲಿ ತೊಡಗಿತು. ಇವೆಲ್ಲಕ್ಕಿಂತ ಗಮನಾರ್ಹವಾದುದು ಬೇಸಿಗೆ ಶಿಬಿರ. ದಕ್ಷಿಣದ ಮಕ್ಕಳನ್ನು ರಜೆಯಲ್ಲಿ ಕೊರ್ಮಾಕಿತಿಸ್‌ಗೆ ಕರೆತಂದು, ಊರಿನ ಹಿರಿಯರ ನಡುವೆ ಇರಿಸಿ, ಆಟ, ಹಾಡು, ಊಟ, ತಿರುಗಾಟಗಳ ಮೂಲಕ ನುಡಿಯನ್ನು ಕೇಳಿಸಿ ಆಡಿಸುವ ಏರ್ಪಾಡಿದು. ಪಟ್ಟಣದ ತರಗತಿಯಲ್ಲಿ ‘ಪೈತ್’ ಎಂದು ಬರೆದ ಮಗು ಇಲ್ಲಿ ತನ್ನ ಮುತ್ತಜ್ಜನ ಮನೆಯ ಮುಂದೆ ನಿಂತು ಅದೇ ಪದವನ್ನು ಹೇಳುತ್ತದೆ.

ಇಷ್ಟೆಲ್ಲ ಆದರೂ ಸನ್ನಾ ಸುರಕ್ಷಿತವಾಗಿದೆಯೆಂದು ಹೇಳುವಂತಿಲ್ಲ. ದಿನದ ಪಾಠದಿಂದ ಬಳಲಿದ ಮಗುವಿಗೆ ಐಚ್ಛಿಕ ತರಗತಿ ಹೊರೆಯಾಗಬಹುದು. ಶಿಬಿರ ಮುಗಿದ ಮೇಲೆ ಮನೆಯಲ್ಲಿ ಯಾರೂ ಆಡದಿದ್ದರೆ ಕಲಿತ ಪದಗಳು ಮುಂದಿನ ಬೇಸಿಗೆಯವರೆಗೆ ಉಳಿಯವು. ಅಕ್ಷರಮಾಲೆ ನುಡಿಯನ್ನು ದಾಖಲಿಸುತ್ತದೆ, ತರಗತಿ ಅದಕ್ಕೆ ಗೌರವ ತರುತ್ತದೆ, ಶಿಬಿರ ಅದನ್ನು ಊರಿನೊಡನೆ ಬೆಸೆಯುತ್ತದೆ; ಆದರೆ ಇವು ಫಲಿಸುವುದು ಮನೆಯಲ್ಲಿ ಅದನ್ನು ಆಡುವವರಿದ್ದಾಗ.

ಗಡಿನಾಡಿನ ತರಗತಿಯಲ್ಲಿ ಈ ಪಾಠ

ಕನ್ನಡದ ಸ್ಥಿತಿಯನ್ನು ಸನ್ನಾದ ಸ್ಥಿತಿಗೆ ಸಮೀಕರಿಸುವುದು ಸರಿಯಲ್ಲ. ಕನ್ನಡಕ್ಕೆ ಲಿಪಿಯಿದೆ, ಸುದೀರ್ಘ ಸಾಹಿತ್ಯ ಪರಂಪರೆಯಿದೆ, ಅದನ್ನು ಆಡಳಿತ ಭಾಷೆಯಾಗಿ ಹೊಂದಿದ ರಾಜ್ಯವಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಭಾರತ ಸಂವಿಧಾನದ 350ಎ ಅನುಚ್ಛೇದದ ಆಸರೆಯೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯು ಎಳೆದ ಗಡಿಯನ್ನು ದಾಟಲು ಯಾರ ಅನುಮತಿಯೂ ಬೇಕಿಲ್ಲ. ಆದರೆ ಮಗುವಿನ ಮುನ್ನಡೆಗೆಂದು ತಂದೆತಾಯಂದಿರು ಮನೆಮಾತನ್ನು ಬದಿಗಿಡುವ ಸನ್ನಿವೇಶ ಎರಡೂ ಕಡೆ ಒಂದೇ. ಕೊರ್ಮಾಕಿತಿಸ್‌ನ ಹಿರಿಯರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಗ್ರೀಕಿಗೆ ಹೊರಳಿದರು. ಆದ್ದರಿಂದ ಇಂಥ ಪಾಲಕರನ್ನು ಆಕ್ಷೇಪಿಸುವುದಕ್ಕಿಂತ, ಎರಡು ಭಾಷೆಗಳನ್ನು ಕಲಿತ ಮಗು ಹಿಂದೆ ಬೀಳುವುದಿಲ್ಲವೆಂಬುದನ್ನು ಅವರಿಗೆ ಮನಗಾಣಿಸುವುದು ಶಿಕ್ಷಕರ ಕರ್ತವ್ಯ.

ಇನ್ನೊಂದು ಅಂಶವೂ ವಿಚಾರಾರ್ಹ. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗುವಿನ ಮನೆಮಾತು ತುಳುವೋ ಕೊಂಕಣಿಯೋ ಆಗಿರಬಹುದು. ನೀಲಗಿರಿಯಲ್ಲಿ ಬಡಗ, ಸೊಲ್ಲಾಪುರದ ಕಡೆ ಲಂಬಾಣಿ ಆಗಿರಬಹುದು. ಆ ಮಗುವಿನ ಎದುರು ಕನ್ನಡವು ಶಾಲೆಯ ಭಾಷೆಯಾಗಿ, ದೊಡ್ಡ ಭಾಷೆಯಾಗಿ ನಿಲ್ಲುತ್ತದೆ. ತನ್ನ ರಾಜ್ಯದಲ್ಲಿ ಅಲ್ಪಸಂಖ್ಯಾತ ಭಾಷೆಯ ಶಿಕ್ಷಕರಾದವರು ತಮ್ಮ ತರಗತಿಯೊಳಗೆ ಗ್ರೀಕ್ ಶಿಕ್ಷಕನ ಸ್ಥಾನದಲ್ಲಿರಬಹುದೆಂಬ ಎಚ್ಚರ ಅಗತ್ಯ. ಮನೆಮಾತಿನ ಪದವನ್ನು ಮಗು ತರಗತಿಯಲ್ಲಿ ಆಡಿದಾಗ ಅದನ್ನು ತಪ್ಪೆಂದು ತಿದ್ದುವ ಬದಲು ಕನ್ನಡದ ಪದದ ಪಕ್ಕದಲ್ಲಿ ಕರಿಹಲಗೆಯ ಮೇಲೆ ಬರೆಯಬಹುದು.

ಈ ಪಾಠವನ್ನು ಆಧರಿಸಿ ಮೇಲಿನ ಪ್ರಾಥಮಿಕ ಮತ್ತು ಪ್ರೌಢಶಾಲಾ ಮಕ್ಕಳಿಂದ ಕೆಳಗಿನ ಚಟುವಟಿಕೆಗಳನ್ನು ಮಾಡಿಸಬಹುದು. ಸೈಪ್ರಸ್ಸಿನ ನಕ್ಷೆ ಬರೆದು ನಿಕೋಸಿಯಾ, ಕಿರೀನಿಯಾ, ಕೊರ್ಮಾಕಿತಿಸ್ ಮತ್ತು ತಟಸ್ಥ ವಲಯವನ್ನು ಗುರುತಿಸುವುದು. ತಮ್ಮ ಊರಿನ ಹೆಸರಿನ ಬಗ್ಗೆ ಇರುವ ಐತಿಹ್ಯವನ್ನು ಹಿರಿಯರಿಂದ ಕೇಳಿ ಬರೆದು, ಅದರಲ್ಲಿ ಚರಿತ್ರೆಯ ಅಂಶ ಯಾವುದು, ಕಥೆಯ ಅಂಶ ಯಾವುದು ಎಂದು ಚರ್ಚಿಸುವುದು. ಹೊಲಗದ್ದೆಗಳ ಹೆಸರು, ಬೇಸಾಯದ ಸಲಕರಣೆ, ಅಡುಗೆಯ ಪಾತ್ರೆಗಳಿಗೆ ಮನೆಯಲ್ಲಿ ಬಳಸುವ ಪದಗಳನ್ನು ಅಜ್ಜ ಅಜ್ಜಿಯರಿಂದ ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಬರೆಯುವುದು. ಆ ಪದ ಯಾವ ಭಾಷೆಯದೆಂಬುದನ್ನು ನಮೂದಿಸುವುದು. ಪದವನ್ನು ಹೇಳಿಕೊಟ್ಟವರ ಮುಂದೆಯೇ ಮಗು ಅದನ್ನು ಗಟ್ಟಿಯಾಗಿ ಓದಿ, ಉಚ್ಚಾರ ಸರಿಯಿದೆಯೇ ಎಂದು ಕೇಳಿ ತಿಳಿಯಬೇಕು. ಈ ಕೊನೆಯ ಹಂತವನ್ನು ಯಾವ ಕಾರಣಕ್ಕೂ ಬಿಡಬಾರದು.